ರೆಮಾಕ್ ಹೆಸರನ್ನು ಬಿಡುವುದಕ್ಕೆ ಕೊಡುವ ಕಾರಣಗಳು

ಒಂಬತ್ತನೇ ತರಗತಿಯ ವಿಜ್ಞಾನ ಪುಸ್ತಕದಲ್ಲಿ ಜೀವಕೋಶ ಸಿದ್ಧಾಂತಕ್ಕೆ ಮೂರೇ ಹೆಸರು: ಶ್ಲೀಡನ್, ಶ್ವಾನ್, ವಿರ್ಚೋ. ಬರ್ಲಿನ್‌ನ ವಿಜ್ಞಾನಿ ರಾಬರ್ಟ್ ರೆಮಾಕ್ ಹೆಸರೂ ಅಲ್ಲಿರಬೇಕು ಎಂದೊಡನೆ ಕೆಲವು ಮೇಷ್ಟರು ತಕರಾರು ತೆಗೆಯುತ್ತಾರೆ.

1839ಕ್ಕೇ ಸಿದ್ಧಾಂತ ಮುಗಿದಿತ್ತು, ಮಿಕ್ಕಿದ್ದೆಲ್ಲ ವಿವರ ಎನ್ನುವುದು ಮೊದಲನೆಯದು. ಮುಗಿದಿರಲಿಲ್ಲ. ಗಿಡಗಳೂ ಪ್ರಾಣಿಗಳೂ ಕೋಶಗಳಿಂದಾದವು ಎಂದು ಶ್ಲೀಡನ್, ಶ್ವಾನ್ ಹೇಳಿದ್ದು ಸರಿ. ಆದರೆ ಹೊಸ ಕೋಶ ಹುಟ್ಟುವುದು ಹೇಗೆ? ದ್ರಾವಣದಲ್ಲಿ ಹರಳು ಕಟ್ಟುವ ಹಾಗೆ, ಕೋಶವಲ್ಲದ ದ್ರವ್ಯದಲ್ಲಿ ಅದು ತಾನಾಗಿ ರೂಪುಗೊಳ್ಳುತ್ತದೆ ಎಂದು ಶ್ವಾನ್ ನಂಬಿದ್ದ. ಅದು ತಪ್ಪು. ತಪ್ಪನ್ನು ತಿದ್ದಿದ ಕೆಲಸವನ್ನು ವಿವರ ಎಂದು ಕರೆದರೆ ಒಪ್ಪುವುದು ಹೇಗೆ?

ತಿದ್ದಿದವನು ವಿರ್ಚೋ ತಾನೆ ಎಂಬುದು ಎರಡನೆಯದು. ತಾರೀಖು ನೋಡಿ. ಕೋಳಿಭ್ರೂಣದ ರಕ್ತಕೋಶಗಳು ಒಂದೊಂದು ಎರಡಾಗುವುದನ್ನು ರೆಮಾಕ್ 1841ರಲ್ಲೇ ವರ್ಣಿಸಿದ. ಅಷ್ಟಕ್ಕೇ ನಿಯಮ ಸಾರಿಬಿಡಲಿಲ್ಲ. ಕಪ್ಪೆಯ ಮೊಟ್ಟೆಗಳನ್ನು ಹಿಡಿದು ಕೂತ. ಕೋಶಪೊರೆ ಸ್ಪಷ್ಟವಾಗಿ ಕಾಣುವಂತೆ ಅವನ್ನು ಗಟ್ಟಿಗೊಳಿಸುವ ದ್ರಾವಣ ಹುಡುಕಿದ, ಒಂದೇ ಮೊಟ್ಟೆ ಒಡೆದೊಡೆದು ಅಂಗಾಂಶವಾಗುವವರೆಗೂ ವಿಭಜನೆಯ ಎಳೆ ಬಿಡದೆ ನೋಡಿದ. ಪ್ರಾಣಿಕೋಶಗಳು ಹೆಚ್ಚುವುದು ವಿಭಜನೆಯಿಂದಲೇ ಎಂದು 1852ರಲ್ಲಿ ಪ್ರಕಟಿಸಿದ. ಕೋಶದಿಂದಲೇ ಕೋಶ ಎಂಬ ಲ್ಯಾಟಿನ್ ಮಾತನ್ನು ವಿರ್ಚೋ ಬರೆದದ್ದು 1855ರಲ್ಲಿ. ಆ ಮಾತೂ ಅವನದಲ್ಲ. ಫ್ರಾನ್ಸಿನ ರಸ್ಪೈ 1825ರಲ್ಲೇ ಬಳಸಿದ್ದ. ರೋಗದ ಮೂಲವನ್ನು ಕೋಶದಲ್ಲಿ ಹುಡುಕಬೇಕೆಂದು ವೈದ್ಯರಿಗೆ ಕಲಿಸಿದ್ದು ವಿರ್ಚೋನ ನಿಜವಾದ ದೊಡ್ಡಸ್ತಿಕೆ, ಅದನ್ನು ಯಾರೂ ಕಸಿಯುತ್ತಿಲ್ಲ.

ಹಾಗಾದರೆ 1832ರಲ್ಲೇ ವಿಭಜನೆ ಕಂಡ ಬೆಲ್ಜಿಯಂನ ಡ್ಯುಮೋರ್ತಿಯೆ ಏನಾದ? ಇದು ತೂಕದ ಪ್ರಶ್ನೆ. ಆತ ಕಂಡದ್ದು ಪಾಚಿಯಲ್ಲಿ. ಗೌರವ ಅವನಿಗೂ ಸಲ್ಲಲಿ. ಪ್ರಾಣಿದೇಹದಲ್ಲಿ ಕೋಶ ಹುಟ್ಟುವ ದಾರಿ ಅದೊಂದೇ ಎಂದು ಪಟ್ಟಾಗಿ ತೋರಿಸಿದವನು ಮಾತ್ರ ರೆಮಾಕ್.

ಆತ ಯಹೂದಿ ಎಂಬುದನ್ನು ಅನುಕಂಪಕ್ಕಾಗಿ ಎಳೆದು ತರುತ್ತೀರಿ ಎಂದೂ ಹೇಳುತ್ತಾರೆ. ಎಳೆದು ತಂದದ್ದು ಪ್ರಷ್ಯಾ ಸರ್ಕಾರ. ಮತಾಂತರಕ್ಕೆ ಒಪ್ಪದ ರೆಮಾಕ್‌ಗೆ ಬರ್ಲಿನ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಲು 1847ರಲ್ಲಿ ದೊರೆಯ ಅಪ್ಪಣೆ ಬೇಕಾಯಿತು. 1859ರಲ್ಲಿ ಸಹಾಯಕ ಪ್ರಾಧ್ಯಾಪಕನಾದ, ಪೂರ್ಣ ಪ್ರಾಧ್ಯಾಪಕನಾಗದೆಯೇ 1865ರಲ್ಲಿ ತೀರಿಕೊಂಡ. ವಿರ್ಚೋಗೆ 1849ರಿಂದಲೇ ಪ್ರಾಧ್ಯಾಪಕ ಪೀಠವಿತ್ತು, ಕೈಯಲ್ಲಿ ಸ್ವಂತ ಪತ್ರಿಕೆಯಿತ್ತು. ಯಾರ ಹೆಸರು ಪಠ್ಯಕ್ಕೆ ಇಳಿದುಬಂತು ಎಂಬುದಕ್ಕೆ ಈ ಅಂತರವೂ ಕಾರಣ. ಅದನ್ನು ಹೇಳುವುದು ಇತಿಹಾಸ.

ಮಕ್ಕಳಿಗೆ ಹೊರೆಯಾಗುತ್ತದೆ ಎನ್ನುವವರು ಇಷ್ಟು ಓದಿಕೊಳ್ಳಲಿ: 'ಪ್ರಾಣಿಕೋಶಗಳು ವಿಭಜನೆಯಿಂದಲೇ ಹುಟ್ಟುತ್ತವೆಂದು ರೆಮಾಕ್ (1852) ತೋರಿಸಿದ, ವಿರ್ಚೋ (1855) ಅದನ್ನು ವೈದ್ಯಶಾಸ್ತ್ರಕ್ಕೆ ಅನ್ವಯಿಸಿದ.' ಪುಸ್ತಕದಲ್ಲಿ ವಿರ್ಚೋ ಬಗ್ಗೆ ಈಗಿರುವ ವಾಕ್ಯದ ಜಾಗದಲ್ಲಿ ಇದನ್ನು ಅಚ್ಚು ಹಾಕಿದರೆ ಸಾಕು.