ನಕಾಶೆಗಳಿಗೂ ವಿಳಾಸ ಬೇಕು

ನಕಾಶೆಯನ್ನು ಬರೆಯುವುದು ಒಂದು ವಿದ್ಯೆ. ಬರೆದುದನ್ನು ಬೇಕಾದಾಗ ದೊರೆಯುವಂತೆ ಇಡುವುದು ಇನ್ನೊಂದು ವಿದ್ಯೆ. ಮೊದಲನೆಯದನ್ನು ಶ್ರಮಪಟ್ಟು ಕಲಿಸುತ್ತೇವೆ. ಎರಡನೆಯದು ತಾನಾಗಿಯೇ ಬರುವುದೆಂದು ನಂಬುತ್ತೇವೆ. ಕಂಪ್ಯೂಟರಿನ ಕಾಲದಲ್ಲಿ ಈ ನಂಬಿಕೆಯು ಅಪಾಯಕರವಾದುದು.

ಹೆನ್ರಿ ಕಸಿನ್ಸರು ಬಿಜಾಪುರದ ಕಟ್ಟಡಗಳನ್ನು ಕುರಿತು ಬರೆದ ಗ್ರಂಥವು 1916ರಲ್ಲಿ ಪ್ರಕಟವಾಯಿತು. ಅದರಲ್ಲಿನ ಗೋಲಗುಮ್ಮಟದ ನಕಾಶೆಯನ್ನು ಇಂದು ಯಾರು ತೆರೆದರೂ ಹಾಳೆಯ ಮೇಲಿನ ಗೆರೆಗಳು ಇದ್ದಲ್ಲಿಯೇ ಇರುತ್ತವೆ. ಕ್ಯಾಡ್ ನಕಾಶೆಯ ಸ್ವಭಾವವು ಹಾಗಲ್ಲ. ಅದು ಅನೇಕ ವೇಳೆ ಒಂದು ಹಾಳೆಯಲ್ಲ, ಒಂದು ಕುಟುಂಬ.

ತಿಕೋಟಾ ತಾಲೂಕಿನ ಒಂದು ಕೆರೆಗೆ ನೀರು ತುಂಬಿಸುವ ಕೆಲಸವನ್ನು ಊಹಿಸಿಕೊಳ್ಳಿ. ಭೂಮಾಪನದ ನಕಾಶೆ ಒಂದು ಫೈಲಿನಲ್ಲಿ, ಕೊಳವೆಯ ಮಾರ್ಗ ಇನ್ನೊಂದರಲ್ಲಿ, ಪಂಪುಮನೆ ಮತ್ತೊಂದರಲ್ಲಿ ಇರುತ್ತವೆ. ಮುಖ್ಯ ನಕಾಶೆಯು ಇವನ್ನು ತನ್ನೊಳಗೆ ಇಟ್ಟುಕೊಳ್ಳದೆ, ಅವುಗಳ ಹೆಸರನ್ನೂ ಅವು ಇರುವ ಫೋಲ್ಡರಿನ ದಾರಿಯನ್ನೂ ಮಾತ್ರ ನೆನಪಿಟ್ಟುಕೊಂಡು, ತೆರೆದಾಗಲೆಲ್ಲ ಅಲ್ಲಿಂದ ಎತ್ತಿ ತೋರಿಸುತ್ತದೆ. ಭೂಮಾಪನವನ್ನು ಒಮ್ಮೆ ತಿದ್ದಿದರೆ ಎಲ್ಲ ನಕಾಶೆಗಳೂ ತಿದ್ದಲ್ಪಡುತ್ತವೆ. ಇದು ದೊಡ್ಡ ಅನುಕೂಲ. ಆದರೆ ಯಾರಾದರೂ ಫೋಲ್ಡರಿನ ಹೆಸರನ್ನು ಬದಲಿಸಿದರೆ ಆ ಸಂಬಂಧವು ಕಡಿದುಹೋಗಿ, ಭೂಮಿಯಿದ್ದ ಕಡೆ ಬಯಲು ಕಾಣಬಹುದು. ಇದಕ್ಕಿಂತ ಕೆಟ್ಟ ಸಂಗತಿಯೊಂದುಂಟು. ಅದೇ ಹೆಸರಿನ ಹಳೆಯ ಪ್ರತಿಯು ಪಕ್ಕದಲ್ಲಿಯೇ ಬಿದ್ದಿದ್ದರೆ, ಯಂತ್ರವು ಅದನ್ನೇ ಸದ್ದಿಲ್ಲದೆ ಎತ್ತಿ ತೋರಿಸಬಹುದು. ಬಯಲನ್ನು ಕಂಡವನು ವಿಚಾರಿಸುತ್ತಾನೆ. ಹಳೆಯ ಭೂಮಿಯನ್ನು ಕಂಡವನು ನಂಬಿಬಿಡುತ್ತಾನೆ.

ಹಾಗಾದರೆ ಫೋಲ್ಡರುಗಳಿಗೆ ಯಾವ ಹೆಸರನ್ನಿಡಬೇಕು? ಜಿಲ್ಲೆ, ತಾಲೂಕು, ಗ್ರಾಮ ಎಂಬ ಕ್ರಮವೇ ಮೊದಲು ಹೊಳೆಯುವುದು. ಈ ನಾಡಿನ ಇತಿಹಾಸವನ್ನೇ ನೋಡಿರಿ. 1997ರಲ್ಲಿ ಬಾಗಲಕೋಟೆ ಬೇರೆ ಜಿಲ್ಲೆಯಾಯಿತು. 2014ರಲ್ಲಿ ಬಿಜಾಪುರವು ವಿಜಯಪುರವಾಯಿತು. 2017ರಲ್ಲಿ ಘೋಷಿತವಾದ ಹೊಸ ತಾಲೂಕುಗಳಲ್ಲಿ ತಿಕೋಟಾ, ಬಬಲೇಶ್ವರಗಳೂ ಸೇರಿದವು. ಮೇಲಾಗಿ ನೀರಿಗೆ ಜಿಲ್ಲೆಯ ಗಡಿಯೆಲ್ಲಿ? ತುಬಚಿ–ಬಬಲೇಶ್ವರ ಏತ ನೀರಾವರಿಯ ಹೆಸರಿನಲ್ಲಿಯೇ ತುಬಚಿಯು ಬಾಗಲಕೋಟೆ ಜಿಲ್ಲೆಯದು, ಬಬಲೇಶ್ವರವು ವಿಜಯಪುರದ್ದು. ಆದುದರಿಂದ ಫೋಲ್ಡರಿನ ಹೆಸರು ಎಂದೂ ಬದಲಾಗದ ಕಾಮಗಾರಿಯ ಸಂಖ್ಯೆಯಿಂದ ಪ್ರಾರಂಭವಾಗಬೇಕು. ಊರು, ತಾಲೂಕುಗಳ ಹೆಸರು ನಕಾಶೆಯ ಶೀರ್ಷಿಕೆಯಲ್ಲಿ ಇರಲಿ. ದಿನಾಂಕವನ್ನು ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ ಬರೆದರೆ ಫೈಲುಗಳು ತಾವಾಗಿಯೇ ಕಾಲಾನುಕ್ರಮದಲ್ಲಿ ನಿಲ್ಲುತ್ತವೆ.

‘ಯಂತ್ರವೇ ಹುಡುಕಿ ಕೊಡುವಾಗ ಈ ಶಿಸ್ತು ಏತಕ್ಕೆ?’ ಎಂದು ಕೆಲವರು ಕೇಳುವರು. ಯಂತ್ರವು ಹೆಸರನ್ನು ಹುಡುಕೀತು. ಆದರೆ ‘ಕೊನೆಯದು’, ‘ಹೊಸ ಕೊನೆಯದು’, ‘ನಿಜವಾಗಿ ಕೊನೆಯದು’ ಎಂಬ ಮೂರು ಫೈಲುಗಳು ದೊರೆತರೆ, ಮೇಲಧಿಕಾರಿಯು ಒಪ್ಪಿದುದು ಯಾವುದೆಂದು ಅದು ಹೇಗೆ ಹೇಳೀತು? 2018ರಲ್ಲಿ ಹೊರಬಂದ ಐಎಸ್‌ಒ 19650 ಎಂಬ ಅಂತರರಾಷ್ಟ್ರೀಯ ಮಾನಕವು ಇದಕ್ಕಾಗಿಯೇ ನಾಲ್ಕು ಸ್ಥಿತಿಗಳನ್ನು ಹೇಳುತ್ತದೆ: ನಡೆಯುತ್ತಿರುವುದು, ಪರಸ್ಪರ ಹಂಚಿಕೊಂಡದ್ದು, ಒಪ್ಪಿಗೆ ಪಡೆದು ಪ್ರಕಟವಾದದ್ದು, ದಾಖಲೆಗೆ ಸೇರಿದ್ದು. ಚಿಕ್ಕ ಕಚೇರಿಗೂ ನಾಲ್ಕು ಫೋಲ್ಡರುಗಳು ಭಾರವಲ್ಲ. ಕಾಮಗಾರಿ ಮುಗಿದೊಡನೆ ಸಂಬಂಧಿಸಿದ ಫೈಲುಗಳನ್ನೆಲ್ಲ ಒಟ್ಟುಗೂಡಿಸಿ, ಜೊತೆಗೆ ಪಿಡಿಎಫ್ ಪ್ರತಿಯೊಂದನ್ನೂ ಕಾಗದದ ಪ್ರತಿಯೊಂದನ್ನೂ ಇಟ್ಟರೆ ಮುಂದಿನವರಿಗೆ ಮಹೋಪಕಾರ.

ಇಂಜಿನಿಯರರು ವರ್ಗವಾಗಿ ಹೋಗುತ್ತಾರೆ, ಗುತ್ತಿಗೆದಾರರು ಬದಲಾಗುತ್ತಾರೆ, ಎರೆಭೂಮಿಯ ಕೆಳಗಿನ ಕೊಳವೆ ಮಾತ್ರ ಅಲ್ಲಿಯೇ ಉಳಿಯುತ್ತದೆ. ಇಪ್ಪತ್ತು ವರ್ಷಗಳ ಅನಂತರ ಅದು ಒಡೆದ ದಿನ ಎಲ್ಲಿ ಅಗೆಯಬೇಕೆಂಬುದನ್ನು ಹೇಳಬೇಕಾದುದು ನಕಾಶೆ. ತಪ್ಪು ನಕಾಶೆ ದೊರೆತರೆ ರೈತನ ಬೆಳೆ ಒಣಗುವುದು, ಅವನ ಹೊಲವೂ ವ್ಯರ್ಥವಾಗಿ ಅಗೆಯಲ್ಪಡುವುದು. ನಮ್ಮ ಇಂಜಿನಿಯರಿಂಗ್ ಕಾಲೇಜುಗಳು ಗೆರೆಯ ಅಂದಕ್ಕೆ ಅಂಕ ಕೊಡುವಂತೆ ಫೈಲುಗಳ ಕ್ರಮಕ್ಕೂ ಕೊಡಲಾರಂಭಿಸಿದರೆ, ಈ ಅಭ್ಯಾಸವು ಕಚೇರಿಗಳಿಗೆ ತಾನಾಗಿ ನಡೆದು ಬರುವುದು.