ಸಂಬಂಧ ಎಂಬ ಖಾನೆಯಲ್ಲಿ ಏನೆಂದು ಬರೆಯಬೇಕು?

‘ನಗರದ ಗಣ್ಯವರ್ಗದ ಅಭಿಪ್ರಾಯ’. 2023ರ ಏಪ್ರಿಲ್ ತಿಂಗಳಲ್ಲಿ ಸಲಿಂಗ ವಿವಾಹದ ಅರ್ಜಿಗಳನ್ನು ವಿರೋಧಿಸುತ್ತ ಕೇಂದ್ರ ಸರಕಾರವು ಸರ್ವೋಚ್ಚ ನ್ಯಾಯಾಲಯದ ಮುಂದೆ ಇಟ್ಟ ಮಾತಿನ ತಿರುಳು ಇದು. ಅರ್ಜಿದಾರರು ಕೇಳುತ್ತಿರುವುದು ಪಟ್ಟಣದ ಉಳ್ಳವರ ಬಯಕೆ. ಹಳ್ಳಿಗಳ, ಅರೆಪಟ್ಟಣಗಳ ಜನರ ಮನಸ್ಸನ್ನೂ ನೋಡಬೇಕು ಎಂಬುದು ಅದರ ತಾತ್ಪರ್ಯ. ಅರೆಪಟ್ಟಣವೆಂದರೆ ಮತ್ತಾವುದೂ ಅಲ್ಲ, ನಮ್ಮ ಬೆಟಗೇರಿಯಂಥ ಊರು. ಮಗ್ಗದ ಸದ್ದಿನಲ್ಲಿ ಬೆಳಗಾಗುವ ಈ ಊರಿನಲ್ಲಿ ಹುಟ್ಟಿ, ಮೂವತ್ತಕ್ಕೂ ಮಿಕ್ಕಿದ ವರ್ಷ ಪ್ರೌಢಶಾಲೆಯಲ್ಲಿ ಕನ್ನಡವನ್ನೂ ಸಮಾಜ ವಿಜ್ಞಾನವನ್ನೂ ಕಲಿಸಿ ನಿವೃತ್ತನಾದವನು ನಾನು. ನನ್ನ ಹೆಸರನ್ನೂ ಸೇರಿಸಿಕೊಂಡು ಆಡಿದ ಮಾತಾದ್ದರಿಂದ, ಅದಕ್ಕೆ ನನ್ನ ಒಪ್ಪಿಗೆಯಿಲ್ಲವೆಂಬುದನ್ನು ಇಲ್ಲಿ ಬರೆದಿಡುತ್ತೇನೆ.

ಆ ಮೊಕದ್ದಮೆಯ ತೀರ್ಪು ಹೊರಬಂದದ್ದು 2023ರ ಅಕ್ಟೋಬರ್ 17ರಂದು. ಮದುವೆಯಾಗುವುದು ಸಂವಿಧಾನದತ್ತ ಮೂಲಭೂತ ಹಕ್ಕಲ್ಲ, 1954ರ ವಿಶೇಷ ವಿವಾಹ ಕಾಯ್ದೆಯನ್ನು ನ್ಯಾಯಾಲಯವೇ ತಿದ್ದಿ ಬರೆಯಲಾಗದು ಎಂದು ಐವರು ನ್ಯಾಯಮೂರ್ತಿಗಳೂ ಹೇಳಿದರು. ಮದುವೆಯೆಂದು ಕರೆಯದಿದ್ದರೂ ಇಂಥವರ ಸಹಜೀವನಕ್ಕೆ ಕಾನೂನಿನ ಮನ್ನಣೆ ದೊರೆಯಬೇಕೆಂದು ಮುಖ್ಯ ನ್ಯಾಯಮೂರ್ತಿ ಚಂದ್ರಚೂಡ್ ಹಾಗೂ ನ್ಯಾಯಮೂರ್ತಿ ಕೌಲ್ ಬರೆದರು. ಉಳಿದ ಮೂವರು ಒಪ್ಪಲಿಲ್ಲ. ಮೂರಕ್ಕೆ ಎರಡು. ಮರುಪರಿಶೀಲನೆಯ ಅರ್ಜಿಗಳೂ 2025ರ ಜನವರಿಯಲ್ಲಿ ವಜಾ ಆದವು. ಸೋತ ಪಕ್ಷದ ಪರವಾಗಿ ಮಾತನಾಡುತ್ತಿದ್ದೇನೆಂಬ ಅರಿವು ನನಗಿದೆ. ಆದರೆ ‘ನಗರದ ಗಣ್ಯರು’ ಎಂಬ ಆ ಮಾತನ್ನು ಮುಖ್ಯ ನ್ಯಾಯಮೂರ್ತಿಗಳು ತಮ್ಮ ತೀರ್ಪಿನಲ್ಲಿ ಸ್ಪಷ್ಟವಾಗಿ ತಳ್ಳಿಹಾಕಿದ್ದಾರೆ. ನಮ್ಮ ಪತ್ರಿಕೆಗಳು ಸೋಲು ಗೆಲುವನ್ನು ವರದಿ ಮಾಡಿದಷ್ಟು ಉತ್ಸಾಹದಿಂದ ಈ ಭಾಗವನ್ನು ವರದಿ ಮಾಡಲಿಲ್ಲ.

ಮೊದಲು ‘ಪಾಶ್ಚಾತ್ಯರ ಅನುಕರಣೆ’ ಎಂಬ ಆಕ್ಷೇಪವನ್ನು ಮುಗಿಸಿಬಿಡೋಣ, ಅದಕ್ಕೆ ಹೆಚ್ಚು ಹೊತ್ತು ಬೇಡ. ಸಲಿಂಗ ಸಂಬಂಧವನ್ನು ಅಪರಾಧವೆಂದು ನಮ್ಮ ಮೇಲೆ ಹೇರಿದ ಭಾರತೀಯ ದಂಡ ಸಂಹಿತೆಯ 377ನೇ ಕಲಮು ಯಾವ ಸ್ಮೃತಿಯಿಂದಲೂ ಬಂದದ್ದಲ್ಲ. ಅದು ಮೆಕಾಲೆಯ ಕರಡಿನಿಂದ ಬೆಳೆದುಬಂದ 1860ರ ಸಂಹಿತೆಯ ಕೊಡುಗೆ. ಇಂಗ್ಲೆಂಡಿನವರು 1967ರಲ್ಲಿ ತಮ್ಮ ಊರಿನ ಕಾನೂನನ್ನು ತಿದ್ದಿಕೊಂಡರು. ಅವರು ಬಿಟ್ಟುಹೋದ ಹಳೆಯ ಕೋಟನ್ನು ನಾವು 2018ರ ಸೆಪ್ಟೆಂಬರ್ 6ರವರೆಗೆ ತೊಟ್ಟುಕೊಂಡು, ಇದೇ ನಮ್ಮ ಸಂಸ್ಕೃತಿಯ ಉಡುಪು ಎಂದು ಬೀಗಿದೆವು. ಇನ್ನು ವಿವಾಹದ ಮಾತು. ನೆದರ್ಲೆಂಡ್ಸ್ 2001ರಲ್ಲಿ ಮೊದಲ ಹೆಜ್ಜೆಯಿಟ್ಟದ್ದು ನಿಜ. ಆದರೆ ತೈವಾನ್ 2019ರಲ್ಲಿ, ಥಾಯ್ಲೆಂಡ್ 2025ರ ಜನವರಿಯಲ್ಲಿ ಈ ಮದುವೆಗಳಿಗೆ ಮನ್ನಣೆಯಿತ್ತವು. ಪಕ್ಕದ ನೇಪಾಳದಲ್ಲಿ 2023ರ ನವೆಂಬರಿನಲ್ಲಿ ಇಂಥ ಮೊದಲ ಮದುವೆ ನೋಂದಣಿಯಾಯಿತು. ಇವಾವುವೂ ಯುರೋಪಿನಲ್ಲಿಲ್ಲ ಎಂಬಷ್ಟು ಭೂಗೋಳ ಎಂಟನೆಯ ತರಗತಿಯ ಹುಡುಗನಿಗೂ ಗೊತ್ತು.

ಪುರಾಣದಿಂದ ಪ್ರಮಾಣ ತಂದು ಗೆಲ್ಲುವ ವಕೀಲಿಕೆ ನನಗೆ ಬೇಡ. ನಮ್ಮ ಗದುಗಿನ ವೀರನಾರಾಯಣನ ಸನ್ನಿಧಿಯಲ್ಲಿ ಕುಳಿತು ಬರೆದನೆಂಬ ಪ್ರತೀತಿಯಿರುವ ಕುಮಾರವ್ಯಾಸನ ಭಾರತದಲ್ಲಿ ಬೃಹನ್ನಳೆಯೂ ಇದ್ದಾಳೆ, ಶಿಖಂಡಿಯೂ ಇದ್ದಾನೆ. ಶರಣರ ‘ಶರಣಸತಿ ಲಿಂಗಪತಿ’ ಭಾವದಲ್ಲಿ ಗಡ್ಡ ಬಿಟ್ಟ ಗಂಡಸರೇ ತಮ್ಮನ್ನು ಸತಿಯೆಂದು ಕರೆದುಕೊಂಡಿದ್ದಾರೆ. ಇವನ್ನು ಹಿಡಿದುಕೊಂಡು ಹನ್ನೆರಡನೆಯ ಶತಮಾನದಲ್ಲೇ ಸಲಿಂಗ ವಿವಾಹವಿತ್ತು ಎಂದರೆ ಅದು ವಚನಗಳಿಗೂ ಇತಿಹಾಸಕ್ಕೂ ಅಪಚಾರ. ಆದರೆ ಕಲ್ಯಾಣದಲ್ಲಿ ನಡೆದ ಒಂದು ಮದುವೆಯನ್ನು ನೆನಪಿಸಬಹುದು. ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಆದ ಲಗ್ನ ಅದು. ಧರ್ಮಕ್ಕೆ ವಿರುದ್ಧವೆಂಬ ದೂರಿನ ಮೇಲೆ ಬೀಗರಿಬ್ಬರಿಗೂ ಎಳೆಹೂಟೆಯ ಶಿಕ್ಷೆಯಾಯಿತೆಂಬ ಕಥೆಯನ್ನು ಬಸವ ಜಯಂತಿಯಂದು ಕಣ್ಣೊರೆಸಿಕೊಂಡು ಕೇಳುವ ಜನ ನಾವು. ಯಾರು ಯಾರನ್ನು ಮದುವೆಯಾಗಬಹುದು ಎಂಬುದರ ಗೆರೆಯನ್ನು ಒಮ್ಮೆಯಾದರೂ ಅಳಿಸಿ ಬರೆದ ನಾಡಿನವರು, ಆ ಗೆರೆ ಆಕಾಶದಿಂದ ಇಳಿದು ಬಂದದ್ದೆಂದು ವಾದಿಸುವುದು ಸೋಜಿಗ.

ನಮ್ಮ ಸೀಮೆಯಲ್ಲಿ ಇಂಥವರು ಕಾಣಿಸುವುದೇ ಇಲ್ಲ ಎನ್ನುವವರು ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೋ ಹುಲಗಿಯ ಜಾತ್ರೆಗೋ ಹೋಗಿಬರಬೇಕು. ಸೀರೆಯುಟ್ಟು, ಕೊಡ ಹೊತ್ತು, ಚೌಡಿಕೆ ನುಡಿಸುವ ಜೋಗಪ್ಪಗಳನ್ನು ನಾವು ಚಿಕ್ಕಂದಿನಿಂದ ನೋಡಿದ್ದೇವೆ, ನಮ್ಮ ತಾಯಂದಿರು ಅವರ ಪಾದ ಮುಟ್ಟಿದ್ದನ್ನೂ ನೋಡಿದ್ದೇವೆ. ಆ ಪರಂಪರೆಯ ಮಂಜಮ್ಮ ಜೋಗತಿಯವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಜೋಗಪ್ಪ ಬೇರೆ, ಗಂಡಸಾಗಿಯೇ ಇದ್ದು ಗಂಡಸನ್ನು ಪ್ರೀತಿಸುವವನು ಬೇರೆ. ಎರಡನ್ನೂ ಒಂದೇ ಚೀಲಕ್ಕೆ ತುಂಬುವುದು ತಪ್ಪು. ನನ್ನ ಮಾತು ಇಷ್ಟೇ: ದೇವಿಯ ಹೆಸರಿನಲ್ಲಿ ಬಂದವರಿಗೆ ನಾವು ಜಾತ್ರೆಯಲ್ಲಿ ಜಾಗ ಕೊಟ್ಟೆವು, ಓಣಿಯಲ್ಲಿ ಬಾಡಿಗೆಗೆ ಮನೆ ಕೊಡಲಿಲ್ಲ. ದೇವಿಯ ಹೆಸರು ಹೇಳದೆ ಪ್ಯಾಂಟು ಶರ್ಟಿನಲ್ಲಿಯೇ ಉಳಿದವನಿಗಂತೂ ಜಾತ್ರೆಯೂ ಇಲ್ಲ, ಓಣಿಯೂ ಇಲ್ಲ. ಅವನಿಗೆ ಕೊಟ್ಟದ್ದು ಒಂದೇ ಔಷಧ: ‘ಒಂದು ಲಗ್ನ ಮಾಡಿಬಿಡ್ರಿ, ಎಲ್ಲಾ ಸರಿ ಹೋಗತೈತಿ.’

ಈ ಔಷಧದ ಬಗ್ಗೆ ನನಗೆ ಕೋಪವಿದೆ. ಇದರಲ್ಲಿ ಹಾಳಾಗುವುದು ಒಬ್ಬನ ಬಾಳಲ್ಲ. ಯಾವ ಪಾಪವನ್ನೂ ಅರಿಯದ ಹೆಣ್ಣುಮಗಳೊಬ್ಬಳನ್ನು ಮುಂಡರಗಿಯಿಂದಲೋ ಶಿರಹಟ್ಟಿಯಿಂದಲೋ ತಂದು, ಮನೆ ತುಂಬಿಸಿಕೊಂಡು, ಆಕೆಗೆ ಕಾರಣವನ್ನೇ ಹೇಳದೆ, ಮಕ್ಕಳಾಗದ್ದಕ್ಕೆ ಆಕೆಯನ್ನೇ ಬಂಜೆಯೆನ್ನುವ ಮನೆಗಳಿವೆ. ಸಲಿಂಗ ವಿವಾಹದಿಂದ ಕುಟುಂಬ ಮುರಿಯುತ್ತದೆಂದು ಭಾಷಣ ಮಾಡುವವರು ಈ ಮುರಿದ ಕುಟುಂಬಗಳ ಲೆಕ್ಕವನ್ನು ಯಾವ ಖಾತೆಗೆ ಬರೆಯುತ್ತಾರೆ?

ಅಂದ ಹಾಗೆ, ಒಂದು ಪದದ ವಿಚಾರ. ಕನ್ನಡ ಮೇಷ್ಟರ ಚಟವೆಂದು ಓದುಗರು ಸಹಿಸಿಕೊಳ್ಳಬೇಕು. ‘ಸಲಿಂಗಕಾಮಿ’ ಎಂಬ ಪದ ಪತ್ರಿಕೆಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿದೆ. ನನ್ನನ್ನೂ ನನ್ನ ಮಡದಿಯನ್ನೂ ಯಾರೂ ‘ಭಿನ್ನಲಿಂಗಕಾಮಿ ದಂಪತಿ’ ಎಂದು ಆಮಂತ್ರಣ ಪತ್ರಿಕೆಯಲ್ಲಿ ಅಚ್ಚು ಹಾಕಿಸಿಲ್ಲ. ನಮ್ಮ ಬಾಳಿನಲ್ಲಿ ರೇಶನ್ನು, ಬಾಣಂತನ, ಸಾಲ, ಮಂಡಿನೋವು ಎಲ್ಲವೂ ಇದ್ದು, ಅವರ ಬಾಳಿನಲ್ಲಿ ಮಾತ್ರ ಕಾಮವೊಂದೇ ಇರುವಂತೆ ಪದವನ್ನು ಕಟ್ಟಿದರೆ, ಆ ಪದದಿಂದ ಹೊರಡುವ ವಿಚಾರವೂ ಹಾಗೆಯೇ ಇರುತ್ತದೆ.

ಇಂಥ ಪದದ ಸೆರೆಯಿಂದ ವಿಷಯವನ್ನು ಹೊರತಂದವರಲ್ಲಿ ನಮ್ಮವರೂ ಇದ್ದಾರೆ. ಗಣಿತದ ಶಕುಂತಲಾದೇವಿಯವರನ್ನು ಯಾರು ಅರಿಯರು? ಬೆಂಗಳೂರಿನಲ್ಲಿ ಹುಟ್ಟಿದ, 1980ರಲ್ಲಿ ಲಂಡನ್ನಿನಲ್ಲಿ 13 ಅಂಕಿಗಳ ಎರಡು ಸಂಖ್ಯೆಗಳನ್ನು 28 ಸೆಕೆಂಡುಗಳಲ್ಲಿ ಗುಣಿಸಿದ ಆ ತಾಯಿ, ಅದಕ್ಕೂ ಮೂರು ವರ್ಷ ಮೊದಲೇ, 1977ರಲ್ಲಿ, ಸಲಿಂಗಿಗಳ ಬದುಕನ್ನು ಕುರಿತು ಇಂಗ್ಲಿಷಿನಲ್ಲಿ ಒಂದು ಪುಸ್ತಕ ಬರೆದು, ಇದನ್ನು ಅಪರಾಧವೆನ್ನುವುದು ಸಲ್ಲದೆಂದು ವಾದಿಸಿದ್ದರು. ಸಂಡೂರಿನವರಾದ ವಸುಧೇಂದ್ರರ ‘ಮೋಹನಸ್ವಾಮಿ’ ಕಥಾಸಂಕಲನ ಬಂದದ್ದು 2013ರಲ್ಲಿ; ಅದೇ ವರ್ಷದ ಡಿಸೆಂಬರ್ 11ರಂದು ಸರ್ವೋಚ್ಚ ನ್ಯಾಯಾಲಯವು ದಿಲ್ಲಿ ಹೈಕೋರ್ಟಿನ 2009ರ ತೀರ್ಪನ್ನು ರದ್ದುಪಡಿಸಿ 377ನೇ ಕಲಮಿಗೆ ಮರುಜೀವ ಕೊಟ್ಟಿತು. ಇಂಥವರ ಸಂಖ್ಯೆ ತೀರ ಅತ್ಯಲ್ಪವೆಂಬುದೂ ಆ ತೀರ್ಪಿನ ಒಂದು ಕಾರಣವಾಗಿತ್ತು. (ಹಕ್ಕನ್ನು ತಲೆಯೆಣಿಸಿ ಹಂಚುವ ಈ ರೀತಿ ಯಾವ ಪೌರನೀತಿ ಪುಸ್ತಕದಲ್ಲಿದೆಯೋ ನನಗೆ ಸಿಗಲಿಲ್ಲ.) ಆ ಕಟ್ಟನ್ನು ಸಡಿಲಿಸುವುದಕ್ಕೆ ದಾರಿ ಮಾಡಿದ್ದೂ ಒಬ್ಬ ಕನ್ನಡಿಗರ ಮೊಕದ್ದಮೆ: ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಎಂಬತ್ತು ದಾಟಿದ ವಯಸ್ಸಿನಲ್ಲಿ ಆಧಾರ್ ವಿಷಯವಾಗಿ ಹೂಡಿದ ದಾವೆಯಲ್ಲಿ, ಖಾಸಗಿತನ ಮೂಲಭೂತ ಹಕ್ಕು ಎಂದು 2017ರಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ ಸಾರಿತು. ಮರುವರ್ಷದ ತೀರ್ಪು ನಿಂತದ್ದು ಬಹುಮಟ್ಟಿಗೆ ಆ ಅಡಿಪಾಯದ ಮೇಲೆ.

ಈಗ ಮುಖ್ಯ ಆಕ್ಷೇಪಕ್ಕೆ ಬರುತ್ತೇನೆ. ಸಜ್ಜನರೂ ಓದಿಕೊಂಡವರೂ ಕೇಳುವುದು ಇದನ್ನೇ: ‘ಇರಲಿ ಬಿಡ್ರಿ ಸರ, ಕೂಡೇ ಇರಲಿ, ಯಾರು ಬ್ಯಾಡ ಅಂತಾರ? ಲಗ್ನ ಯಾಕ ಬೇಕ್ರಿ?’

ಯಾಕೆ ಬೇಕೆಂದು ಹೇಳುತ್ತೇನೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಎಸ್ಸೆಸ್ಸೆಲ್ಸಿ ಮುಗಿಸಿ ಮಗ್ಗಕ್ಕೆ ಕುಳಿತವನು. ಅವನೂ ಅವನ ಗೆಳೆಯನೂ ಇಪ್ಪತ್ತಕ್ಕೂ ಹೆಚ್ಚು ವರ್ಷ ಒಂದೇ ಮನೆಯಲ್ಲಿ ಬಾಳಿದರು. ಓಣಿಯವರು ಜೋಡೆತ್ತು ಎಂದು ನಗೆಯಾಡುತ್ತಿದ್ದರೇ ಹೊರತು ಕೆದಕಿ ಕೇಳಿದವರಿಲ್ಲ. ಮನೆ ಗೆಳೆಯನ ಹೆಸರಿನಲ್ಲಿ. ಎರಡು ಮಗ್ಗಗಳನ್ನು ಇಬ್ಬರ ದುಡಿಮೆಯಿಂದ ಕೊಂಡದ್ದಾದರೂ ಕಾಗದವೆಲ್ಲ ಅವನದೇ ಹೆಸರಿನಲ್ಲಿ. ಕೆಲವು ವರ್ಷಗಳ ಹಿಂದೆ ಆ ಗೆಳೆಯನಿಗೆ ಲಕ್ವ ಹೊಡೆಯಿತು. ದೊಡ್ಡ ಊರಿನ ಖಾಸಗಿ ಆಸ್ಪತ್ರೆಯೊಂದಕ್ಕೆ ಒಯ್ದಾಗ ಶಸ್ತ್ರಚಿಕಿತ್ಸೆಯ ಒಪ್ಪಿಗೆಯ ಕಾಗದವನ್ನು ಮುಂದಿಟ್ಟರು. ನನ್ನ ಶಿಷ್ಯ ಅಲ್ಲಿಂದಲೇ ಫೋನು ಮಾಡಿ ಕೇಳಿದ: ‘ಸರ, ಸಂಬಂಧ ಅಂತ ಇದ್ದಲ್ಲಿ ಏನಂತ ಬರೀಲ್ರಿ?’

ಗೆಳೆಯ ಎಂದು ಬರೆದ. ರಕ್ತಸಂಬಂಧಿಗಳನ್ನು ಕರೆತನ್ನಿ ಎಂದರಂತೆ. ಹದಿನೈದು ವರ್ಷ ಮನೆಯ ಮೆಟ್ಟಿಲು ಹತ್ತದ ಅಣ್ಣ ಮರುದಿನ ಬಂದು ರುಜು ಹಾಕಿದ. ರೋಗಿ ಉಳಿಯಲಿಲ್ಲ. ಮಣ್ಣಿನ ದಿನ ಮುಂದೆ ನಿಂತವನು ಅಣ್ಣ, ಹಿಂದಿನ ಸಾಲಿನಲ್ಲಿ ನಿಂತವನು ಇವನು. ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಹೆಂಡತಿ, ಮಕ್ಕಳು, ತಂದೆತಾಯಿ ಯಾರೂ ಇಲ್ಲದ ಗಂಡಸಿನ ಆಸ್ತಿ ಒಡಹುಟ್ಟಿದವರಿಗೆ ಹೋಗುತ್ತದೆ. ಮನೆಯೂ ಮಗ್ಗಗಳೂ ಹಾಗೆಯೇ ಹೋದವು. ಬ್ಯಾಂಕಿನ ಖಾತೆಗೆ ಮಾತ್ರ ಇವನು ನಾಮಿನಿಯಾಗಿದ್ದ. ಹಣ ಇವನ ಕೈಗೆ ಬಂತು, ಹಿಂದೆಯೇ ಅಣ್ಣನ ವಕೀಲರ ನೋಟೀಸೂ ಬಂತು. ನಾಮಿನಿಯಾದವನು ಹಣವನ್ನು ಪಡೆದು ವಾರಸುದಾರರಿಗೆ ಒಪ್ಪಿಸಬೇಕಾದ ಧರ್ಮದರ್ಶಿಯೇ ಹೊರತು ಒಡೆಯನಲ್ಲ ಎಂಬ ತತ್ತ್ವವನ್ನು ವಿಮೆಯ ಹಣದ ವಿಷಯದಲ್ಲಿ ಸರ್ವೋಚ್ಚ ನ್ಯಾಯಾಲಯ 1983ರಷ್ಟು ಹಿಂದೆಯೇ ಹೇಳಿದೆ.

ಇದನ್ನು ಓದಿದ ಮೇಲೆ ಹೇಳಿ, ಇದರಲ್ಲಿ ನಗರವೆಲ್ಲಿದೆ, ಗಣ್ಯರೆಲ್ಲಿದ್ದಾರೆ? ಬೆಂಗಳೂರಿನ ಸಿರಿವಂತ ಜೋಡಿಗೆ ವಕೀಲರಿದ್ದಾರೆ, ಜಂಟಿ ಹೆಸರಿನ ಫ್ಲ್ಯಾಟು ಇದೆ, ತೀರ ಬೇಸರವಾದರೆ ವಿದೇಶಕ್ಕೆ ಹೋಗಿ ಮದುವೆಯಾಗುವಷ್ಟು ದುಡ್ಡಿದೆ. ಕಾನೂನಿನ ಒಂದು ಸಾಲು ಇಲ್ಲದಿದ್ದರೂ ಅವರು ಹೇಗೋ ದಾಟಿಕೊಳ್ಳುತ್ತಾರೆ. ಮದುವೆಯ ನೋಂದಣಿ ಎಂಬ ಒಂದೇ ಒಂದು ಹಾಳೆಯಿಂದ ಆಸ್ಪತ್ರೆ, ಆಸ್ತಿ, ಮಣ್ಣು ಎಲ್ಲವೂ ಇತ್ಯರ್ಥವಾಗಬೇಕಾದದ್ದು ಬೇರೆ ಹಾಳೆಗಳನ್ನು ಮಾಡಿಸಲು ತಿಳಿಯದ, ಮಾಡಿಸಲು ಹಣವಿಲ್ಲದ ನಮ್ಮ ನೇಕಾರನಿಗೆ. ‘ಗಣ್ಯವರ್ಗ’ ಎಂಬ ಮಾತು ಸುಳ್ಳು ಮಾತ್ರವಲ್ಲ, ಅದು ತಲೆಕೆಳಗಾದ ಮಾತು.

ಸರಕಾರ ಏನನ್ನೂ ಮಾಡಿಲ್ಲವೆಂದು ಹೇಳಲಾರೆ. ತೀರ್ಪಿನ ನಂತರ ಸಂಪುಟ ಕಾರ್ಯದರ್ಶಿಗಳ ಅಧ್ಯಕ್ಷತೆಯ ಸಮಿತಿಯೊಂದು ರಚನೆಯಾಯಿತು. 2024ರಲ್ಲಿ, ಇಂಥ ಸಂಗಾತಿಗಳನ್ನು ರೇಶನ್ ಕಾರ್ಡಿನ ಮಟ್ಟಿಗೆ ಒಂದೇ ಮನೆಯವರೆಂದು ಎಣಿಸಬೇಕು, ಜಂಟಿ ಬ್ಯಾಂಕ್ ಖಾತೆಗೂ ನಾಮಿನಿ ಮಾಡುವುದಕ್ಕೂ ಅಡ್ಡಿಯಿಲ್ಲ, ಹತ್ತಿರದ ಬಂಧುಗಳಿಲ್ಲದಾಗ ಪಾರ್ಥಿವ ಶರೀರವನ್ನು ಸಂಗಾತಿಗೆ ಕೊಡಬಹುದು ಎಂಬ ಸೂಚನೆಗಳು ಹೊರಟವು. ಒಳ್ಳೆಯದೇ. ಆದರೆ ‘ಹತ್ತಿರದ ಬಂಧುಗಳಿಲ್ಲದಾಗ’ ಎಂಬ ಷರತ್ತನ್ನು ಗಮನಿಸಿರಿ. ಹದಿನೈದು ವರ್ಷ ಮುಖ ತೋರಿಸದ ಅಣ್ಣ ಈಗಲೂ ಹತ್ತಿರದವನೇ. ಒಂದೇ ಕಾರ್ಡಿನಲ್ಲಿ ಅಕ್ಕಿ ಪಡೆಯುವಾಗ ಒಂದೇ ಮನೆಯವರಾದವರು, ಅಕ್ಕಿ ಬೇಯಿಸಿದ ಮನೆಯ ವಾರಸಿಗೆ ಪರಕೀಯರಾಗುತ್ತಾರೆ.

ಶಾಸನ ಮಾಡುವುದು ಸಂಸತ್ತಿನ ಕೆಲಸವೆಂದು ನ್ಯಾಯಾಲಯ ಹೇಳಿತಲ್ಲ, ಅದನ್ನು ನಾನು ಒಪ್ಪುತ್ತೇನೆ. ಸುಪ್ರಿಯಾ ಸುಳೆಯವರು 2022ರಲ್ಲಿ ಲೋಕಸಭೆಯಲ್ಲಿ ಖಾಸಗಿ ಮಸೂದೆಯೊಂದನ್ನು ಮಂಡಿಸಿದ್ದರು, ಅದು ಶಾಸನವಾಗಲಿಲ್ಲ. ಗದಗ, ಶಿರಹಟ್ಟಿ, ರೋಣದ ಮತದಾರರಾದ ನಾವು ಹಾವೇರಿ ಕ್ಷೇತ್ರದಿಂದ ಸಂಸದರನ್ನು ಆರಿಸಿ ಕಳುಹಿಸುತ್ತೇವೆ. ಮುಂದಿನ ಸಲ ಮತ ಕೇಳಲು ಬೆಟಗೇರಿಗೆ ಬರುವವರು ಯಾವ ಪಕ್ಷದವರೇ ಆಗಿರಲಿ, ಈ ಪ್ರಶ್ನೆಯನ್ನು ನಾನು ಕೇಳುವವನಿದ್ದೇನೆ. ಜೊತೆಯಲ್ಲಿ ಇನ್ನು ನಾಲ್ವರು ಕೇಳಿದರೆ ಉತ್ತರಿಸದೆ ಜಾರಿಕೊಳ್ಳುವುದು ಕಷ್ಟವಾದೀತು.

ಅಲ್ಲಿಯವರೆಗೆ, ಈ ಬರಹವನ್ನು ಗುಟ್ಟಾಗಿ ಓದುತ್ತಿರಬಹುದಾದವರಿಗೆ ಎರಡು ವ್ಯಾವಹಾರಿಕ ಮಾತು. ನಿಮ್ಮ ಸ್ವಯಾರ್ಜಿತ ಆಸ್ತಿಯನ್ನು ಯಾರಿಗೆ ಬೇಕಾದರೂ ಉಯಿಲು ಬರೆಯಬಹುದು. ಅದಕ್ಕೆ ಛಾಪಾ ಕಾಗದ ಬೇಡ, ಇಬ್ಬರು ಸಾಕ್ಷಿಗಳು ಬೇಕು. ನೋಂದಣಿ ಕಡ್ಡಾಯವಲ್ಲ, ಆದರೆ ಉಪನೋಂದಣಿ ಕಚೇರಿಯಲ್ಲಿ ಮಾಡಿಸಿಬಿಟ್ಟರೆ ನಾಳೆ ಅಣ್ಣತಮ್ಮಂದಿರ ತಕರಾರು ಕಡಿಮೆಯಾಗುತ್ತದೆ. ಪ್ರಜ್ಞೆಯಿಲ್ಲದೆ, ಬದುಕಿ ಬರುವ ಭರವಸೆಯಿಲ್ಲದೆ ಮಲಗಿದಾಗ ಚಿಕಿತ್ಸೆಯನ್ನು ಮುಂದುವರಿಸಬೇಕೆ ಎಂಬುದನ್ನು ನಿಮ್ಮ ಪರವಾಗಿ ನಿರ್ಧರಿಸುವವರು ಯಾರೆಂದು ಮೊದಲೇ ಬರೆದು, ನೋಟರಿಯ ಅಥವಾ ಗೆಜೆಟೆಡ್ ಅಧಿಕಾರಿಯ ಮುಂದೆ ದೃಢೀಕರಿಸಿಡುವುದಕ್ಕೆ ಸರ್ವೋಚ್ಚ ನ್ಯಾಯಾಲಯ 2023ರಲ್ಲಿ ಸುಲಭ ಮಾರ್ಗವನ್ನು ತೋರಿಸಿದೆ. ಬರೆಯಲು ಬಾರದವರಿಗೆ ಕರಡು ಬರೆದುಕೊಡಲು ನನ್ನಂಥ ನಿವೃತ್ತ ಮೇಷ್ಟರು ಊರೂರಲ್ಲಿದ್ದಾರೆ. ಆದರೆ ಇಬ್ಬರಲ್ಲಿ ಒಬ್ಬನು ಕುಟುಂಬ ಪಿಂಚಣಿಗೆ ಅರ್ಹನಾದ ಸರಕಾರಿ ನೌಕರನಾಗಿದ್ದರೆ, ಅದನ್ನು ಉಯಿಲಿನಲ್ಲಿ ಬರೆಯಲು ಬರುವುದಿಲ್ಲ. ನಾನು ನಿವೃತ್ತನಾದಾಗ ಪಿಂಚಣಿಯ ಕಾಗದಗಳಿಗೆ ಮಡದಿಯೊಂದಿಗೆ ತೆಗೆಸಿದ ಜಂಟಿ ಭಾವಚಿತ್ರವನ್ನು ಅಂಟಿಸಿ ಕೊಟ್ಟಿದ್ದೆ. ಅಲ್ಲಿ ಅಂಟಿಸಬಹುದಾದ ಭಾವಚಿತ್ರ ಇಂದಿಗೂ ಗಂಡ ಹೆಂಡತಿಯರದು ಮಾತ್ರ.