ಧ್ವನಿಗೂ ಬೇಕು ಗ್ರಂಥಸಂಪಾದನೆ

ಹಳೆಯ ಧ್ವನಿಮುದ್ರಣವೊಂದನ್ನು ತಿದ್ದಿ, ತೊಳೆದು, ಹೊಸ ಸಿ.ಡಿ.ಯಾಗಿ ಹೊರತಂದಾಗ ಅದನ್ನು ನುಡಿಸಿದವರಿಗೆ ನಾವು ಹತ್ತಿರವಾಗುತ್ತೇವೆಯೋ, ದೂರವಾಗುತ್ತೇವೆಯೋ? ಜಾಝ್ ಸಿ.ಡಿ.ಗಳನ್ನು ಕೂಡಿಡುವವರನ್ನು ಬಹುಕಾಲದಿಂದ ಕಾಡುತ್ತಿರುವ ಪ್ರಶ್ನೆ ಇದು. ಒಂದೇ ಆಲ್ಬಮ್ಮಿನ ಮೂರು ನಾಲ್ಕು ಮುದ್ರಣಗಳನ್ನು ಕೊಂಡು, ಒಂದರ ಹಿಂದೆ ಒಂದನ್ನು ಹಾಕಿ, ಅದೇ ಅರ್ಧ ನಿಮಿಷವನ್ನು ಮತ್ತೆ ಮತ್ತೆ ಕೇಳುವವರನ್ನು ಕಂಡರೆ ಹೊರಗಿನವರಿಗೆ ಹುಚ್ಚೆನಿಸಬಹುದು. ನನಗೆ ಹಾಗೆನಿಸುವುದಿಲ್ಲ. ಓಲೆಗರಿಗಳನ್ನು ಎದುರಿಗಿಟ್ಟುಕೊಂಡು ಪಾಠ ನಿರ್ಣಯಿಸಿದ ನಮ್ಮ ವಿದ್ವಾಂಸರು ಮಾಡಿದ್ದೂ ಇದೇ ಜಾತಿಯ ಕೆಲಸ. ಆ ಕೆಲಸದ ಶಿಸ್ತನ್ನು ಧ್ವನಿಮುದ್ರಣಕ್ಕೂ ತರಬೇಕು ಎಂಬುದು ನನ್ನ ವಾದ.

ಬೆಂಗ್ರೆಯಲ್ಲಿ ಕೂತು ಜಾಝ್‌ನ ಮಾತಾಡುವುದರಲ್ಲಿ ವಿಚಿತ್ರವೇನೂ ಇಲ್ಲ. ಒಂದು ಮಗ್ಗುಲಲ್ಲಿ ಅರಬ್ಬಿ ಸಮುದ್ರ, ಇನ್ನೊಂದು ಮಗ್ಗುಲಲ್ಲಿ ಫಲ್ಗುಣಿ ಹೊಳೆ ಇರುವ ಈ ಮರಳ ಪಟ್ಟಿಯಿಂದ ದೋಣಿಯಲ್ಲಿ ಹೊಳೆ ದಾಟಿದರೆ ಮಂಗಳೂರಿನ ಬಂದರು. ಈ ಕರಾವಳಿಯಲ್ಲಿ ಮದುವೆಗೂ ಸ್ಯಾಕ್ಸೊಫೋನ್ ಬೇಕು, ಭೂತದ ಕೋಲಕ್ಕೂ ಬೇಕು. ಜಾಝ್‌ನ ಹೆಗ್ಗುರುತಾದ ವಾದ್ಯ ಇಲ್ಲಿ ವಾಲಗದವರ ಕೈಗೆ ಬಂದು ನಮ್ಮದೇ ಆಗಿದೆ. ಬಂಟ್ವಾಳ ತಾಲೂಕಿನ ಸಜಿಪಮೂಡದಲ್ಲಿ 1949ರಲ್ಲಿ ನಾಗಸ್ವರದ ಮನೆಯಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥ್ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಈ ವಾದ್ಯವನ್ನು ಕೇಳಿ ಮನಸೋತರು. ಅದರಲ್ಲಿ ಗಮಕ ಹೊರಡಿಸುವ ದಾರಿಯನ್ನು ವರ್ಷಗಟ್ಟಲೆ ಹುಡುಕಿದರು. 1980ರಲ್ಲಿ ಮುಂಬಯಿಯ ಜಾಝ್ ಉತ್ಸವದಲ್ಲಿ ಅಮೆರಿಕದ ಜಾನ್ ಹ್ಯಾಂಡಿಯವರ ಜತೆ ನುಡಿಸಿದರು. 2008ರಲ್ಲಿ ಜಾಝ್ ಸ್ಯಾಕ್ಸೊಫೋನ್ ವಾದಕ ರುದ್ರೇಶ್ ಮಹಂತಪ್ಪನವರ ಜತೆ ‘ಕಿನ್ಸ್‌ಮೆನ್’ ಆಲ್ಬಮ್ ಬಂತು. ಅದಕ್ಕೂ ಮೊದಲೇ, 1983ರಲ್ಲಿ, ಟಿ.ಎ.ಎಸ್. ಮಣಿ ಕಟ್ಟಿದ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ತಂಡ, ಆರ್.ಎ. ರಮಾಮಣಿಯವರ ಗಾಯನದೊಂದಿಗೆ, ಜಾಝ್ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೋ ಜತೆ ‘ಜ್ಯೋತಿ’ಯನ್ನು ಜರ್ಮನಿಯ ಇ.ಸಿ.ಎಂ. ಕಂಪನಿಗೆ ಮಾಡಿಕೊಟ್ಟಿತ್ತು. ಜಾಝ್ ಮರುಮುದ್ರಣಗಳ ಕಥೆ ನಮ್ಮ ಮನೆಯ ಅಂಗಳದವರೆಗೂ ಬಂದಿದೆ ಎಂಬುದಕ್ಕೆ ಇಷ್ಟು ಸಾಕು.

ಮುದ್ರಣಗಳನ್ನು ಹೋಲಿಸಿ ಕೇಳುವುದು ಯಾಕೆ ಅಗತ್ಯ ಎಂಬುದಕ್ಕೆ ಜಾಝ್ ತುತ್ತೂರಿವಾದಕ ಮೈಲ್ಸ್ ಡೇವಿಸ್‌ರ ‘ಕೈಂಡ್ ಆಫ್ ಬ್ಲೂ’ ಆಲ್ಬಮ್ಮಿಗಿಂತ ಬಲವಾದ ಸಾಕ್ಷಿ ಇಲ್ಲ. 1959ರ ಮಾರ್ಚ್ 2ರಂದು ನ್ಯೂಯಾರ್ಕಿನ ಕೊಲಂಬಿಯಾ ಸ್ಟುಡಿಯೋದಲ್ಲಿ ಮೊದಲ ಮೂರು ರಚನೆಗಳ ಮುದ್ರಣ ನಡೆದಾಗ ಮುಖ್ಯ ಟೇಪ್ ಯಂತ್ರ ತುಸು ನಿಧಾನವಾಗಿ ಓಡುತ್ತಿತ್ತು. ನಿಧಾನವಾಗಿ ಓಡಿದ ಟೇಪನ್ನು ಸರಿಯಾದ ವೇಗದಲ್ಲಿ ನುಡಿಸಿದರೆ ಸಂಗೀತ ವೇಗವಾಗುತ್ತದೆ, ಶ್ರುತಿ ಏರುತ್ತದೆ. ಆ ಏರಿದ ಶ್ರುತಿಯಲ್ಲೇ ಎಲ್.ಪಿ.ಯ ಮೊದಲ ಮಗ್ಗುಲು ಮೂರು ದಶಕಗಳ ಕಾಲ ಲೋಕವನ್ನೆಲ್ಲ ಸುತ್ತಿತು. ಅದೇ ದಿನ ಇನ್ನೊಂದು ಯಂತ್ರದಲ್ಲಿ ತೆಗೆದಿಟ್ಟಿದ್ದ ಕಾಪು ಟೇಪಿನ ವೇಗ ಸರಿಯಾಗಿತ್ತು. 1992ರ ಸಿ.ಡಿ. ಆ ಟೇಪಿನಿಂದ ಬಂದಾಗ ಮೊದಲ ಬಾರಿಗೆ ನಿಜವಾದ ಶ್ರುತಿ ಹೊರಬಿತ್ತು. ವ್ಯತ್ಯಾಸ ಒಂದು ಪೂರ್ತಿ ಸ್ವರಸ್ಥಾನದಷ್ಟಲ್ಲ, ಅದರ ಒಂದು ಅಂಶ. ಆದರೂ ಆಲ್ಬಮ್ಮಿನ ಜತೆ ನುಡಿಸಿ ಪಾಠ ಮಾಡಿಕೊಳ್ಳುವ ಸ್ಯಾಕ್ಸೊಫೋನ್ ವಿದ್ಯಾರ್ಥಿಗೆ ಆ ಒಂದು ಅಂಶವೇ ಸಾಕು. ಅವನ ವಾದ್ಯ ಆ ಮೊದಲ ಮಗ್ಗುಲಿನ ಜತೆ ಕೂಡುವುದೇ ಇಲ್ಲ.

ಇಲ್ಲಿ ಗ್ರಂಥಸಂಪಾದನೆಯ ನೆನಪಾಗದೆ ಇರದು. ಪಂಪಭಾರತವನ್ನು ಬಿ.ಎಲ್. ರೈಸ್ 1898ರಲ್ಲಿ ಅಚ್ಚು ಹಾಕಿಸಿದರು. ಹೆಚ್ಚಿನ ಪ್ರತಿಗಳನ್ನು ನೋಡಿ ಕನ್ನಡ ಸಾಹಿತ್ಯ ಪರಿಷತ್ತು 1931ರಲ್ಲಿ ಅದನ್ನು ಮತ್ತೆ ಹೊರತಂದಿತು. ಮೊದಲ ಅಚ್ಚು ಇತ್ತೆಂಬ ಕಾರಣಕ್ಕೆ ಎರಡನೆಯದು ಬೇಡ ಎಂದು ಯಾರೂ ಹೇಳಲಿಲ್ಲ. ಎರಡನೆಯದು ಬಂತೆಂದು ಮೊದಲಿನದನ್ನು ಎಸೆಯಲೂ ಇಲ್ಲ. ಡಿ.ಎಲ್. ನರಸಿಂಹಾಚಾರ್ಯರು ಕನ್ನಡ ಗ್ರಂಥಸಂಪಾದನೆಗೆ ಶಾಸ್ತ್ರದ ಅಡಿಪಾಯ ಹಾಕಿಕೊಟ್ಟಾಗ ಅವರು ಕೇಳಿದ ಪ್ರಶ್ನೆಗಳೇ ಧ್ವನಿಗೂ ಸಲ್ಲುತ್ತವೆ. ಈ ಪ್ರತಿ ಯಾವ ಪ್ರತಿಯಿಂದ ಇಳಿದು ಬಂತು? ನಡುವೆ ಯಾರ ಕೈ ಆಡಿದೆ? ತಿದ್ದಿದ್ದು ಎಲ್ಲಿ, ಯಾವ ಆಧಾರದ ಮೇಲೆ? ಮೂಲ ಟೇಪು, ಅದರ ಪ್ರತಿ, ಪ್ರತಿಯ ಪ್ರತಿ, ಎಲ್.ಪಿ.ಯಿಂದ ಎತ್ತಿಕೊಂಡದ್ದು ಎಂದು ಒಂದೊಂದು ಸಿ.ಡಿ.ಗೂ ಒಂದು ವಂಶಾವಳಿ ಇರುತ್ತದೆ. ಅದನ್ನು ತಿಳಿಯದೆ ‘ಇದು ಚೆನ್ನಾಗಿದೆ’ ಎನ್ನುವುದು ರುಚಿಯ ಮಾತಾದೀತು, ನಿರ್ಣಯವಾಗದು.

ಆದರೆ ಧ್ವನಿಯ ವಿಷಯದಲ್ಲಿ ಮೂಲ ಯಾವುದು ಎಂಬ ಪ್ರಶ್ನೆ ಇನ್ನೂ ತೊಡಕಿನದು. ಬ್ಲೂ ನೋಟ್ ಕಂಪನಿಯ ಪ್ರಸಿದ್ಧ ಆಲ್ಬಮ್ಮುಗಳನ್ನು ಮುದ್ರಿಸಿದ ರೂಡಿ ವ್ಯಾನ್ ಗೆಲ್ಡರ್ ಅವರ ಉದಾಹರಣೆ ನೋಡಿ. ಹಗಲು ಕಣ್ಣು ಪರೀಕ್ಷಿಸುವ ವೃತ್ತಿ, ಸಂಜೆ ನ್ಯೂಜೆರ್ಸಿಯ ಹ್ಯಾಕೆನ್‌ಸ್ಯಾಕ್‌ನಲ್ಲಿ ತಂದೆತಾಯಿಯ ಮನೆಯ ಪಡಸಾಲೆಯಲ್ಲಿ ಮುದ್ರಣ. 1959ರಲ್ಲಿ ಎಂಗಲ್‌ವುಡ್ ಕ್ಲಿಫ್ಸ್‌ನ ಸ್ವಂತ ಸ್ಟುಡಿಯೋ. ಟೇಪು ಮಾಡಿದ್ದೂ ಅವರೇ, ಅದರಿಂದ ಎಲ್.ಪಿ.ಯ ಗೆರೆ ಕೊರೆದದ್ದೂ ಅವರೇ. ಕೊರೆಯುವಾಗ ಆ ಕಾಲದ ಮುಳ್ಳು ತಡೆದುಕೊಳ್ಳುವಂತೆ ಧ್ವನಿಯನ್ನು ಹದಗೊಳಿಸಲೇಬೇಕಿತ್ತು. ಹಾಗಾದರೆ ಮೂಲ ಟೇಪೋ, ಎಲ್.ಪಿ.ಯೋ? 1990ರ ದಶಕದ ಕೊನೆಯಲ್ಲಿ ಅದೇ ವ್ಯಾನ್ ಗೆಲ್ಡರ್ ತಮ್ಮ ಹಳೆಯ ಟೇಪುಗಳನ್ನು ತಾವೇ ಡಿಜಿಟಲ್‌ಗೆ ಇಳಿಸಿಕೊಟ್ಟರು. ಅವರ ಹೆಸರಿನಲ್ಲೇ ಒಂದು ಸಿ.ಡಿ. ಮಾಲೆ ಬಂತು. ಮುದ್ರಿಸಿದವರೇ ಮರಳಿ ತಿದ್ದಿದ ಮೇಲೆ ಚರ್ಚೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಆ ಸಿ.ಡಿ.ಗಳ ಧ್ವನಿ ಏರಾಗಿದೆ, ತುಸು ಚೂಪಾಗಿದೆ, ಎಡಬಲಗಳ ಹರವು ಕಿರಿದಾಗಿದೆ ಎಂದು ಹಲವು ಕೇಳುಗರು 1980ರ ದಶಕದಲ್ಲಿ ಬಂದ ಸಿ.ಡಿ.ಗಳನ್ನೇ ಹುಡುಕತೊಡಗಿದರು.

ಇದರಲ್ಲಿ ಯಾರ ಮಾತಿಗೆ ಬೆಲೆ ಕೊಡಬೇಕು? ಕವಿಯೇ ನಲವತ್ತು ವರ್ಷಗಳ ಬಳಿಕ ತನ್ನ ಕವನವನ್ನು ತಿದ್ದಿದರೆ ಆ ಪಾಠಕ್ಕೆ ಗೌರವ ಉಂಟು, ಆದರೆ ಅದು ಮೊದಲ ಪಾಠವನ್ನು ಅಳಿಸುವುದಿಲ್ಲ. ಹಾಗೆಯೇ ಇಲ್ಲೂ. ವ್ಯಾನ್ ಗೆಲ್ಡರ್ ಅವರ ಮರುಮುದ್ರಣ ಒಬ್ಬ ಮಹಾ ಧ್ವನಿತಜ್ಞ ತನ್ನ ಇಳಿವಯಸ್ಸಿನಲ್ಲಿ ತನ್ನ ಕೆಲಸವನ್ನು ಹೇಗೆ ಕೇಳಿಸಿಕೊಂಡ ಎಂಬುದರ ದಾಖಲೆ. 1950ರ ದಶಕದ ಎಲ್.ಪಿ. ಅವನು ಆಗ ಏನು ಬಯಸಿದ ಎಂಬುದರ ದಾಖಲೆ. ಎರಡನ್ನೂ ಇಟ್ಟುಕೊಂಡವರಿಗೆ ಮಾತ್ರ ಈ ನಡುವಿನ ದಾರಿ ಕಾಣುತ್ತದೆ. ಕೂಡಿಡುವವರ ಕಪಾಟು ಬೇಕಾಗುವುದು ಇದಕ್ಕೆ.

ಎಲ್ಲಕ್ಕಿಂತ ದೊಡ್ಡ ತಪ್ಪು ತಿಳಿವಳಿಕೆ ಸದ್ದು ತೆಗೆಯುವುದರ ಬಗ್ಗೆ ಇದೆ. ಹಳೆಯ ಮುದ್ರಣದ ಹಿಸ್ಸೆನ್ನುವ ಸದ್ದು, ಚಟಪಟ ಸದ್ದು ಹೋದರೆ ಮುದ್ರಣ ಉತ್ತಮವಾಯಿತು ಎಂದು ಕಂಪನಿಗಳು ಜಾಹೀರಾತು ಮಾಡುತ್ತವೆ, ಕೊಳ್ಳುವವರೂ ನಂಬುತ್ತಾರೆ. ಆದರೆ ಟೇಪಿನ ಹಿಸ್ಸೆನ್ನುವ ಸದ್ದೂ ಡ್ರಮ್ಮಿನ ತಾಳತಟ್ಟೆಯ ಅನುರಣನವೂ ಹರಡಿಕೊಂಡಿರುವುದು ಒಂದೇ ಬಗೆಯ ಎತ್ತರದ ಕಂಪನಗಳಲ್ಲಿ. ಒಂದನ್ನು ಅಳಿಸಲು ಹೊರಟ ಯಂತ್ರ ಇನ್ನೊಂದನ್ನೂ ಕತ್ತರಿಸುತ್ತದೆ. ತಟ್ಟೆಯ ಮೇಲೆ ಬಿದ್ದ ಪೆಟ್ಟು ಕೇಳುತ್ತದೆ, ಅದು ಕರಗಿ ಹೋಗುವ ಬಾಲ ಕೇಳುವುದಿಲ್ಲ. ವಾದಕರ ಸುತ್ತ ಇದ್ದ ಕೋಣೆಯೇ ಮಾಯವಾಗುತ್ತದೆ. ನಮ್ಮ ಸಂಗೀತದಲ್ಲಿ ತಂಬೂರಿಗೆ ಇದೇ ಗತಿ: ಎಡೆಬಿಡದೆ ಮೊಳಗುವುದೆಲ್ಲ ಗದ್ದಲ ಎಂದು ಬಗೆಯುವ ಯಂತ್ರಕ್ಕೆ ಆಧಾರಶ್ರುತಿ ಯಾವುದು, ಯಂತ್ರದ ಗುಂಯ್ಗುಡುವಿಕೆ ಯಾವುದು ಎಂಬ ವಿವೇಕ ಇಲ್ಲ.

ಮನುಷ್ಯನ ಕಿವಿಗೆ ಆ ವಿವೇಕ ಇದೆ. ಬೆಂಗ್ರೆಯ ಕಡಲದಂಡೆಯಲ್ಲಿ ನಿಂತು ಮಾತಾಡುವವರಿಗೆ ಅಲೆಯ ಮೊರೆತ ಅಡ್ಡಿಯಾಗುವುದಿಲ್ಲ. ಸ್ವಲ್ಪ ಹೊತ್ತಿನಲ್ಲಿ ಕಿವಿ ತಾನಾಗಿ ಮೊರೆತವನ್ನು ಹಿಂದಕ್ಕೆ ಸರಿಸಿ ಮಾತನ್ನು ಮುಂದಕ್ಕೆ ತಂದುಕೊಳ್ಳುತ್ತದೆ. ಮೊರೆತ ಇದ್ದರೂ ಮಾತು ಪೂರ್ತಿ ದಕ್ಕುತ್ತದೆ. ಹಳೆಯ ಮುದ್ರಣದ ಸದ್ದಿಗೂ ಕಿವಿ ಹೀಗೆಯೇ ಒಗ್ಗುತ್ತದೆ. ಕೇಳುಗ ತಾನೇ ಮಾಡಿಕೊಳ್ಳಬಲ್ಲ ಕೆಲಸವನ್ನು ಅವನಿಗಾಗಿ ಯಂತ್ರ ಮಾಡಿಕೊಟ್ಟು, ಅದಕ್ಕೆ ಬೆಲೆಯಾಗಿ ಸಂಗೀತದ ಒಂದು ಪಾಲನ್ನು ಕಿತ್ತುಕೊಳ್ಳುವುದು ಲಾಭದ ವ್ಯಾಪಾರ ಅಲ್ಲ. ಇಂಗ್ಲೆಂಡಿನ ಧ್ವನಿತಜ್ಞ ಜಾನ್ ಆರ್.ಟಿ. ಡೇವಿಸ್ ಇದನ್ನು ಬಲ್ಲವರಾಗಿದ್ದರು. ಲೂಯಿ ಆರ್ಮ್‌ಸ್ಟ್ರಾಂಗ್ 1925ರಿಂದ 1928ರವರೆಗೆ ಶಿಕಾಗೋದಲ್ಲಿ ತಮ್ಮ ಹಾಟ್ ಫೈವ್ ತಂಡದೊಂದಿಗೆ ಮುದ್ರಿಸಿದ ಗ್ರಾಮಫೋನ್ ತಟ್ಟೆಗಳನ್ನು ಅವರು ಸಿ.ಡಿ.ಗೆ ಇಳಿಸಿದಾಗ ಆದಷ್ಟು ಶುದ್ಧವಾದ ಅರಗಿನ ತಟ್ಟೆಗಳನ್ನು ಹುಡುಕಿದರು, ತಕ್ಕ ಮುಳ್ಳು ಆರಿಸಿದರು, ಚಟಪಟ ಸದ್ದುಗಳನ್ನು ಒಂದೊಂದಾಗಿ ತೆಗೆದರು. ತಟ್ಟೆಯ ಮೇಲ್ಮೈಯ ಸಹಜ ಸದ್ದನ್ನು ಬಹುಮಟ್ಟಿಗೆ ಹಾಗೆಯೇ ಬಿಟ್ಟರು. ದೊಡ್ಡ ಕಂಪನಿಯೇ ಹೊರತಂದ ಪೆಟ್ಟಿಗೆಗಿಂತ ಅವರ ಅಗ್ಗದ ಸಿ.ಡಿ.ಗಳಲ್ಲಿ ಆರ್ಮ್‌ಸ್ಟ್ರಾಂಗರ ತುತ್ತೂರಿ ಜೀವಂತವಾಗಿದೆ ಎಂದು ಬಲ್ಲವರು ಮೆಚ್ಚಿದ್ದು ಇದಕ್ಕಾಗಿ.

ಹೋಲಿಸುವುದಕ್ಕೂ ಒಂದು ಶಿಸ್ತು ಬೇಕು. ಎರಡು ಮುದ್ರಣಗಳಲ್ಲಿ ಒಂದರ ಧ್ವನಿ ಕೂದಲೆಳೆಯಷ್ಟು ಏರಾಗಿದ್ದರೂ ಕಿವಿಗೆ ಅದು ‘ಏರು’ ಎನಿಸುವುದಿಲ್ಲ, ‘ಉತ್ತಮ’ ಎನಿಸುತ್ತದೆ. ಮೆಲುಧ್ವನಿಯಲ್ಲಿ ಮಂದ್ರ ಸ್ವರಗಳನ್ನು ಕಿವಿ ಕಡಿಮೆ ಹಿಡಿಯುತ್ತದೆ. ಏರುಧ್ವನಿಯಲ್ಲಿ ಅವು ತುಂಬಿ ಬಂದಂತೆ ತೋರುತ್ತವೆ. ಕಂಪನಿಗಳಿಗೆ ಇದು ಗೊತ್ತು. ಸಿ.ಡಿ.ಯ 16 ಬಿಟ್ ಅಳತೆಯಲ್ಲಿ ಸುಮಾರು 96 ಡೆಸಿಬೆಲ್ ಏರಿಳಿತಕ್ಕೆ ಜಾಗವಿದೆ. 1990ರ ದಶಕದಿಂದ ಎಷ್ಟೋ ಮರುಮುದ್ರಣಗಳು ಆ ಜಾಗವನ್ನು ಬಿಟ್ಟು, ಮೆಲ್ಲನೆಯದನ್ನೂ ಜೋರಿನದನ್ನೂ ಒತ್ತಿ ಒಂದೇ ಎತ್ತರಕ್ಕೆ ತಂದವು. ಆದ್ದರಿಂದ ಧ್ವನಿಯ ಮಟ್ಟವನ್ನು ಮೊದಲು ಸರಿದೂಗಿಸದೆ ಮಾಡಿದ ಹೋಲಿಕೆಗೆ ಅರ್ಥವಿಲ್ಲ. ಯಾವುದು ನುಡಿಯುತ್ತಿದೆ ಎಂದು ತಿಳಿಯದಂತೆ ಇನ್ನೊಬ್ಬರ ಕೈಯಲ್ಲಿ ಹಾಕಿಸಿ ಕೇಳುವುದು ಇನ್ನೂ ಒಳ್ಳೆಯದು. ಚಿನ್ನದ ಲೇಪ, ವಿಶೇಷ ಪ್ಲಾಸ್ಟಿಕ್ ಎಂದು ಜಪಾನಿನಿಂದ ಬರುವ ದುಬಾರಿ ಸಿ.ಡಿ.ಗಳ ವಿಷಯದಲ್ಲಿ ಈ ಪರೀಕ್ಷೆ ತೀರ ಅಗತ್ಯ. ಒಳಗಿನ ಅಂಕಿಗಳು ಒಂದೇ ಆಗಿದ್ದು ಯಂತ್ರ ಅವನ್ನು ತಪ್ಪಿಲ್ಲದೆ ಓದಿದರೆ ಹೊರಗಿನ ಲೋಹ ಬದಲಾದ ಮಾತ್ರಕ್ಕೆ ಸಂಗೀತ ಬದಲಾಗುವುದಿಲ್ಲ; ಬದಲಾಗಿದ್ದರೆ ಯಾರೋ ಹೊಸದಾಗಿ ತಿದ್ದಿದ್ದಾರೆ ಎಂದೇ ಅರ್ಥ.

ಇದಕ್ಕೆ ಎದುರಾಗಿ ಒಂದು ಗಟ್ಟಿಯಾದ ಆಕ್ಷೇಪ ಇದೆ: ಹೀಗೆ ಹೋಲಿಸುತ್ತ ಕೂತರೆ ಸಂಗೀತ ಕೇಳುವುದು ಯಾವಾಗ? ಆಕ್ಷೇಪದಲ್ಲಿ ಸತ್ಯವಿದೆ. ಪಾಠಾಂತರಗಳ ಪಟ್ಟಿಯಲ್ಲೇ ಕಳೆದುಹೋಗಿ ಕಾವ್ಯ ಓದದವನ ಸ್ಥಿತಿ ಯಾರಿಗೂ ಬೇಡ. ಆದರೆ ಓದುಗನೊಬ್ಬ ನೆಮ್ಮದಿಯಿಂದ ಪಂಪನನ್ನು ಓದಲು ಸಾಧ್ಯವಾದದ್ದು ಅವನ ಪರವಾಗಿ ಯಾರೋ ಪ್ರತಿಗಳನ್ನು ಹೋಲಿಸಿದ್ದರಿಂದ. ಎಲ್ಲರೂ ಹೋಲಿಸಬೇಕಾಗಿಲ್ಲ; ಕೆಲವರು ಹೋಲಿಸಲೇಬೇಕು. ಇಂದು ಮೊಬೈಲಿನಲ್ಲಿ ಹರಿದು ಬರುವ ಸಂಗೀತದ ಕಾಲದಲ್ಲಿ ಇದರ ಅಗತ್ಯ ಇನ್ನೂ ಹೆಚ್ಚಿದೆ. ಅಲ್ಲಿ ಹಳೆಯ ಮುದ್ರಣವನ್ನು ಎತ್ತಿ ಅದೇ ಹೆಸರಿನಡಿ ಹೊಸದನ್ನು ಕೂರಿಸಿದರೆ ಕೇಳುಗನಿಗೆ ಗೊತ್ತೇ ಆಗದಿರಬಹುದು. ಕೈಯಲ್ಲಿರುವ ಸಿ.ಡಿ.ಯನ್ನು ಯಾರೂ ದೂರದಿಂದ ಬದಲಿಸಲಾರರು. ಮೂಲ ಟೇಪುಗಳೂ ಶಾಶ್ವತವಲ್ಲ: 2008ರ ಜೂನ್ 1ರಂದು ಹಾಲಿವುಡ್‌ನಲ್ಲಿ ಯೂನಿವರ್ಸಲ್ ಸ್ಟುಡಿಯೋಸ್ ಆವರಣಕ್ಕೆ ಬೆಂಕಿ ಬಿದ್ದು ಅಪಾರ ಮೂಲ ಟೇಪುಗಳು ಸುಟ್ಟವು. ಅಂಥ ಕಡೆ ಅದಕ್ಕೂ ಹಿಂದೆ ಮಾಡಿದ ಒಂದು ಹಳೆಯ ಸಿ.ಡಿ. ಸಾಕ್ಷಿಯ ಸ್ಥಾನಕ್ಕೆ ಏರಬಲ್ಲದು.

ಈಗ ನಮ್ಮ ಕಡೆ ತಿರುಗೋಣ. ಗಂಗೂಬಾಯಿ ಹಾನಗಲ್ 1930ರ ದಶಕದಲ್ಲಿ ‘ಗಾಂಧಾರಿ ಹುಬಳೀಕರ್’ ಎಂಬ ಹೆಸರಿನಲ್ಲಿ ತಟ್ಟೆಗಳನ್ನು ಕೊಟ್ಟರು. ಮುಂದೆ ಗಂಟಲಿನ ಶಸ್ತ್ರಚಿಕಿತ್ಸೆಯ ಬಳಿಕ ಅವರ ಕಂಠ ಭಾರವಾಯಿತು. ಲೋಕ ಬಲ್ಲ ಗಂಗೂಬಾಯಿ ಆ ಎರಡನೆಯ ಕಂಠದವರು. ಮೊದಲ ಕಂಠದ ಪುರಾವೆ ಆ ತಟ್ಟೆಗಳಲ್ಲಿದೆ. ನಿಮಿಷಕ್ಕೆ 78 ಸುತ್ತು ಎಂದು ಹೆಸರಿದ್ದರೂ ಆ ಕಾಲದ ಎಲ್ಲ ತಟ್ಟೆಗಳೂ ನಿಖರವಾಗಿ 78ರಲ್ಲೇ ಮುದ್ರಣವಾದವಲ್ಲ. ವೇಗ ತಪ್ಪಿದರೆ ಕಂಠವೂ ತಪ್ಪುತ್ತದೆ. ಇನ್ನೂ ಕಿರಿಯದಾಗಿ, ಇನ್ನೂ ತೆಳ್ಳಗೆ ಕೇಳಿಸಿದ ದನಿ ಅವರದೋ, ಯಂತ್ರ ಕೊಟ್ಟದ್ದೋ ಎಂದು ಹೇಳಲು ಆಧಾರವಿಲ್ಲದೆ ಹೋಗುತ್ತದೆ.

ಯಕ್ಷಗಾನದಲ್ಲಿ ಈ ಮಾತು ಇನ್ನೂ ತುರ್ತಿನದು. 1990ರಲ್ಲಿ, ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡ ಕಾಳಿಂಗ ನಾವಡರ ಭಾಗವತಿಕೆ ಇಂದಿನವರಿಗೆ ದಕ್ಕುವುದು ಕ್ಯಾಸೆಟ್ಟು ಮತ್ತು ಟೇಪುಗಳ ಮೂಲಕ. ಕ್ಯಾಸೆಟ್ಟು ಸೆಕೆಂಡಿಗೆ 4.76 ಸೆಂಟಿಮೀಟರ್ ಓಡಬೇಕು. ಮನೆಮನೆಯ ಟೇಪ್ ರೆಕಾರ್ಡರುಗಳು ಅಷ್ಟು ಕಟ್ಟುನಿಟ್ಟಾಗಿ ಓಡುತ್ತಿರಲಿಲ್ಲ. ಪ್ರತಿಯ ಪ್ರತಿ ತೆಗೆದಂತೆಲ್ಲ ದೋಷ ಕೂಡುತ್ತ ಹೋಗುತ್ತದೆ. ಭಾಗವತರ ಶ್ರುತಿ ಹಾರ್ಮೋನಿಯಮ್ಮಿನ ಕಪ್ಪು ಎಷ್ಟು, ಬಿಳಿ ಎಷ್ಟು ಎಂದು ಅಭಿಮಾನದಿಂದ ಚರ್ಚಿಸುವ ನಾಡು ಇದು. ಅಂಥಲ್ಲಿ ವೇಗ ತಪ್ಪಿದ ಕ್ಯಾಸೆಟ್ಟನ್ನು ಹಾಗೆಯೇ ಡಿಜಿಟಲ್ ಮಾಡಿ ಹಂಚಿದರೆ ಭಾಗವತರಿಗೆ ಇಲ್ಲದ ಶ್ರುತಿಯನ್ನು ಕೊಟ್ಟಂತಾಗುತ್ತದೆ, ಮದ್ದಳೆಯ ನಾದವನ್ನು ಕೆಡಿಸಿದಂತಾಗುತ್ತದೆ. ಮೇಲಿಂದ ಸದ್ದು ತೆಗೆಯುವ ಯಂತ್ರ ಓಡಿಸಿದರೆ ಭಾಗವತರ ಕೈಯ ತಾಳದ ಅನುರಣನವೂ ಹೋಗುತ್ತದೆ. ಕರಾವಳಿಯ ಮಳೆಗಾಲದ ತೇವಕ್ಕೆ ಕ್ಯಾಸೆಟ್ಟುಗಳಿಗೆ ಬೂಸಲು ಹಿಡಿಯುತ್ತಿರುವಾಗ ಕಾಯಲು ಸಮಯವೂ ಇಲ್ಲ.

ಆದ್ದರಿಂದ ಜಾಝ್ ಸಂಗ್ರಾಹಕರಿಂದ ನಾವು ಕಲಿಯಬೇಕಾದ್ದು ಸ್ಪಷ್ಟ. ಯಾವ ತಟ್ಟೆ ಅಥವಾ ಟೇಪಿನಿಂದ ಇಳಿಸಿದ್ದು, ಅದು ಎಷ್ಟನೆಯ ಪ್ರತಿ, ವೇಗವನ್ನು ಯಾವ ಆಧಾರದ ಮೇಲೆ ನಿರ್ಧರಿಸಿದ್ದು, ಏನನ್ನು ತೆಗೆದದ್ದು, ಏನನ್ನು ಬಿಟ್ಟದ್ದು, ಯಾರು ಮಾಡಿದ್ದು, ಯಾವ ವರ್ಷ ಎಂಬುದನ್ನು ಪ್ರತಿಯೊಂದು ಮರುಮುದ್ರಣವೂ ಹೊದಿಕೆಯ ಮೇಲೆ ಹೇಳಬೇಕು. ತಿದ್ದುವ ಮೊದಲು, ಇದ್ದದ್ದನ್ನು ಇದ್ದಂತೆ ಇಳಿಸಿದ ಒಂದು ಪ್ರತಿಯನ್ನು ಬೇರೆಯಾಗಿ ಕಾಪಿಡಬೇಕು. ಆಮೇಲೆ ಎಷ್ಟು ಬೇಕಾದರೂ ತಿದ್ದಲಿ. ತಿದ್ದಿದ್ದು ತಪ್ಪಾದರೆ ಮುಂದಿನವರು ಹಿಂದಕ್ಕೆ ಹೋಗಿ ಮತ್ತೆ ತೊಡಗಬಹುದು. ಮರುಮುದ್ರಣದ ನಿಷ್ಠೆಯನ್ನು ಅದು ಎಷ್ಟು ನುಣುಪಾಗಿದೆ ಎಂಬುದರಿಂದ ಅಳೆಯಬಾರದು. ತನ್ನ ದಾರಿಯನ್ನು ಅದು ಎಷ್ಟು ತೆರೆದಿಟ್ಟಿದೆ, ತನ್ನನ್ನು ತಿದ್ದಲು ಮುಂದಿನವರಿಗೆ ಎಷ್ಟು ಅವಕಾಶ ಉಳಿಸಿದೆ ಎಂಬುದರಿಂದ ಅಳೆಯಬೇಕು. ಓಲೆಗರಿಗೆ ಈ ನ್ಯಾಯವನ್ನು ಕನ್ನಡ ಆಗಲೇ ಸಲ್ಲಿಸಿದೆ. ದನಿಗೂ ಸಲ್ಲಿಸುವ ಹೊಣೆ ನಮ್ಮ ಕಾಲದ್ದು.